ಮುತ್ತಾಗದ ಸ್ವಾತಿಯ ಹನಿ

ಸ್ವಾತಿ ಮಳೆಯ ಹನಿಯೊಂದು ಬಾಯ್ದೆರೆದ ಸಿಂಪಿನೊಳಗೆ ಬಿದ್ದರೆ ಅದು ಮುತ್ತಾಗುವುದೆಂದು ನಮ್ಮ ಕವಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಆರಂಭವಾಗಿ ನವೆಂಬರಿನ ಮೊದಲ ವಾರಕ್ಕೆ ಮುಗಿಯುವ ಆ ಮಳೆಯ ಕಾಲದಲ್ಲಿಯೇ, ಇಲ್ಲಿಂದ ಬಹುದೂರದಲ್ಲಿರುವ ಸ್ಪೇನ್ ದೇಶದ ಪೂರ್ವ ಕರಾವಳಿಯ ಜನರೂ ಒಂದು ಹನಿಯ ಮಾತನ್ನಾಡುತ್ತಾರೆ. ಅವರು ಅದನ್ನು ‘ಗೋತಾ ಫ್ರಿಯಾ’ ಎನ್ನುತ್ತಾರೆ; ಎಂದರೆ ‘ತಣ್ಣನೆಯ ಹನಿ’. ಹೆಸರನ್ನು ಕೇಳಿದರೆ ಹಿತವೆನಿಸುತ್ತದೆ. ಆದರೆ ಅದು ಸಿಂಪಿನಲ್ಲಿ ಹಿಡಿಸುವ ಹನಿಯಲ್ಲ. ಸಿಡಿಲು ಗುಡುಗುಗಳೊಡನೆ ಇಳಿದುಬಂದು, ಒಂದೇ ಸಂಜೆಯಲ್ಲಿ ಊರುಗಳನ್ನು ಕೊಚ್ಚಿಕೊಂಡು ಹೋಗಬಲ್ಲ ಹನಿ.

ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ ಅದು ಮಳೆಯ ನಾಡಲ್ಲ, ಬಿಸಿಲಿನ ನಾಡು. ವಾಲೆನ್ಸಿಯ, ಆಲಿಕಾಂತೆ, ಮುರ್ಸಿಯ ಎಂಬ ಈ ಸೀಮೆಗಳು ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ಮಲಗಿವೆ. ಹಿಂದೆ ಬೋಳು ಬೆಟ್ಟಗಳ ಸಾಲು, ಮುಂದೆ ನೀಲಿಯ ಕಡಲು, ನಡುವೆ ಕಿತ್ತಿಳೆಯ ತೋಟಗಳು. ಆಲಿಕಾಂತೆ ನಗರಕ್ಕೆ ವರ್ಷದಲ್ಲಿ ಸುಮಾರು 2,900 ಗಂಟೆಗಳ ಬಿಸಿಲು ದೊರೆಯುತ್ತದೆ. ಲಂಡನ್ನಿಗೆ ದೊರೆಯುವುದು ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಮಳೆಯಾದರೋ ವರ್ಷವಿಡೀ ಸೇರಿ ಸುಮಾರು 300 ಮಿಲಿಮೀಟರು. ನಮ್ಮ ಬೆಂಗಳೂರಿಗೆ ಬೀಳುವುದರ ಮೂರನೆಯ ಒಂದು ಪಾಲು. ಇಂತಹ ಸೀಮೆಯ ಚರಿತ್ರೆಯಲ್ಲಿ ಜನ ಮರೆಯಲಾರದ ದಿನಗಳೆಲ್ಲ ಪ್ರವಾಹದ ದಿನಗಳೇ ಆಗಿರುವುದೇಕೆ?

ಬಿಸಿಲನ್ನರಸಿ ಬಂದವರು

1950ರ ದಶಕದವರೆಗೂ ಬೆನಿದೋರ್ಮ್ ಎಂಬುದು ಮೀನುಗಾರರ ಚಿಕ್ಕ ಊರಾಗಿತ್ತು. ಇಂದು ಅಲ್ಲಿ ಬಾನೆತ್ತರದ ವಸತಿಗೃಹಗಳು ಕಡಲಂಚಿನಲ್ಲಿ ಒತ್ತೊತ್ತಾಗಿ ನಿಂತಿವೆ. ಈ ಬದಲಾವಣೆಯನ್ನು ಮಾಡಿದ್ದು ಚಿನ್ನದ ಗಣಿಯಲ್ಲ, ಬಿಸಿಲು. ಮಂಜು ಮೋಡಗಳ ದೇಶಗಳಿಂದ, ಎಂದರೆ ಇಂಗ್ಲೆಂಡ್, ಜರ್ಮನಿ, ಹಾಲೆಂಡ್, ನಾರ್ವೆಗಳಿಂದ, ಜನ ಮೊದಲು ರಜೆಗೆಂದು ಬಂದರು. ಅನಂತರ ಮನೆಯನ್ನೇ ಕೊಂಡು ನೆಲೆಸಿದರು. ದುಡಿದು ದಣಿದ ದಂಪತಿಗಳು ನಿವೃತ್ತಿಯ ಹಣವನ್ನೆಲ್ಲ ಸುರಿದು, ಸುಣ್ಣ ಬಳಿದ ಗೋಡೆಯ ಚಿಕ್ಕ ಮನೆಯನ್ನೂ ಅದರ ಮುಂದೆ ಒಂದು ನಿಂಬೆಯ ಗಿಡವನ್ನೂ ತಮ್ಮದಾಗಿಸಿಕೊಂಡರು. ಈಗ ಆಲಿಕಾಂತೆ ಪ್ರಾಂತದ ನಿವಾಸಿಗಳಲ್ಲಿ ಐವರಿಗೆ ಒಬ್ಬರಾದರೂ ವಿದೇಶೀಯರು.

ಅವರು ಕೊಂಡ ಮನೆಗಳೆಲ್ಲ ಬಿಸಿಲಿಗಾಗಿಯೇ ಕಟ್ಟಿದವು: ಚಪ್ಪಟೆಯಾದ ತಾರಸಿ, ತಣ್ಣನೆಯ ಹಂಚುಹಾಸಿನ ನೆಲ, ಕಿಟಕಿಗಳಿಗೆ ಮೇಲಿನಿಂದ ಸುರುಳಿಯಾಗಿ ಇಳಿಯುವ ಪರದೆಬಾಗಿಲು. ತಾರಸಿಯ ನೀರು ಹೋಗಲು ಮೂಲೆಯಲ್ಲಿ ಒಂದು ತೂತು. ಅದೂ ವರ್ಷದ ಬಹುಕಾಲ ದೇವದಾರಿನಂತಹ ಪೈನ್ ಮರದ ಸೂಜಿಯೆಲೆಗಳಿಂದ ಮುಚ್ಚಿರುತ್ತದೆ. ಮನೆ ಮಾರುವವರು ವರ್ಷಕ್ಕೆ ಮುನ್ನೂರು ದಿನ ಬಿಸಿಲೆಂದು ಹೇಳುತ್ತಾರೆ, ಅದು ಸುಳ್ಳಲ್ಲ. ಉಳಿದ ದಿನಗಳ ವಿಚಾರವನ್ನು ಹೇಳುವವರು ಕಡಿಮೆ.

ನೀರಿನ ಬೆಲೆಯೇನೆಂಬುದನ್ನು ಅಲ್ಲಿಯ ಮೂಲನಿವಾಸಿಗಳಿಂದ ಕಲಿಯಬೇಕು. ವಾಲೆನ್ಸಿಯ ನಗರದ ಪ್ರಧಾನ ಇಗರ್ಜಿಯ ‘ಅಪೊಸ್ತಲರ ಬಾಗಿಲ’ ಎದುರಿನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಒಂದು ನ್ಯಾಯಸ್ಥಾನ ನೆರೆಯುತ್ತದೆ. ಅದರ ಹೆಸರೇ ‘ನೀರಿನ ನ್ಯಾಯಮಂಡಲಿ’. ಕರಿಯ ಅಂಗಿ ತೊಟ್ಟ ರೈತಪ್ರತಿನಿಧಿಗಳು ಕಾಲುವೆಯ ನೀರಿನ ಜಗಳಗಳನ್ನು ಬಾಯಿಮಾತಿನಲ್ಲಿಯೇ ಕೇಳಿ, ಬಾಯಿಮಾತಿನಲ್ಲಿಯೇ ತೀರ್ಪು ಕೊಡುತ್ತಾರೆ. ಶತಮಾನಗಳಿಂದ ನಡೆದುಬಂದ ಈ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಸರದಿಯ ನೀರಿಗಾಗಿ ನ್ಯಾಯ ಕೇಳುವ ನಾಡು ಅದು. ಆ ನಾಡಿಗೇ ಆಕಾಶವು ಲೆಕ್ಕವಿಡದೆ ಸುರಿಯುವ ದಿನಗಳೂ ಇವೆ.

ಬಾನಿನಲ್ಲಿ ಬೇರ್ಪಟ್ಟ ಚಳಿ

ಈ ಮಳೆಯ ಬೀಜವನ್ನು ಬಿತ್ತುವುದು ಬಿಸಿಲೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡವಿಲ್ಲದ ಬಾನಿನಿಂದ ಸೂರ್ಯನು ಸಮುದ್ರವನ್ನು ಕಾಯಿಸುತ್ತಾನೆ. ಬೇಸಗೆಯ ಕೊನೆಗೆ ಅದರ ಮೇಲ್ಮೈ 26ರಿಂದ 28 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಬಿಸಿಯೇರುತ್ತದೆ. ಶರತ್ಕಾಲ ಬಂದಾಗ ನೆಲವು ಬೇಗ ತಣಿಯುತ್ತದೆ, ಸಮುದ್ರ ಹಾಗಲ್ಲ. ಒಲೆ ಆರಿದ ಮೇಲೂ ಬಚ್ಚಲ ಹಂಡೆಯ ನೀರು ಬಹುಹೊತ್ತು ಬಿಸಿಯಾಗಿಯೇ ಇರುವಂತೆ, ಅಕ್ಟೋಬರಿನಲ್ಲಿಯೂ ಅದು ಬೇಸಗೆಯ ಶಾಖವನ್ನು ಒಡಲಲ್ಲಿಟ್ಟುಕೊಂಡು ಆವಿಯನ್ನು ಬಿಡುತ್ತಲೇ ಇರುತ್ತದೆ.

ಇದೇ ಸಮಯದಲ್ಲಿ ಬಾನಿನಲ್ಲಿ ಇನ್ನೊಂದು ಕಾರ್ಯ ನಡೆಯುತ್ತದೆ. ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಮಹಾ ವಾಯುಪ್ರವಾಹ ಹರಿಯುತ್ತಿರುತ್ತದೆ. ನದಿಯಂತೆ ಅದೂ ಬಳುಕುತ್ತದೆ. ಬಳುಕು ಮಿತಿಮೀರಿದಾಗ, ನದಿಯ ತಿರುವೊಂದು ಕಡಿದು ಮಡುವಾಗಿ ಉಳಿಯುವಂತೆ, ಉತ್ತರದ ತಣ್ಣನೆಯ ಗಾಳಿಯ ಒಂದು ತುಂಡು ದಕ್ಷಿಣದಲ್ಲಿ ಒಂಟಿಯಾಗಿ ನಿಂತುಬಿಡುತ್ತದೆ. ಇದೇ ‘ತಣ್ಣನೆಯ ಹನಿ’. ಅದರೊಳಗೆ, ಐದೂವರೆ ಕಿಲೋಮೀಟರು ಎತ್ತರದಲ್ಲಿ, ಉಷ್ಣತೆ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿಗಳಷ್ಟು ಕೆಳಗಿಳಿದಿರುತ್ತದೆ. ಮುಖ್ಯ ಪ್ರವಾಹದಿಂದ ಬೇರ್ಪಟ್ಟದ್ದರಿಂದ ಅದನ್ನು ಮುಂದಕ್ಕೆ ತಳ್ಳುವವರಿಲ್ಲ. ಅದು ಒಂದೆಡೆ ನಿಲ್ಲಬಹುದು, ಅಲೆಯಬಹುದು, ಹಿಂದಕ್ಕೂ ಬರಬಹುದು.

ಕೆಳಗೆ ಬೆಚ್ಚನೆಯ ಆವಿ, ಮೇಲೆ ಕೊರೆಯುವ ಚಳಿ. ‘ಲೆವಾಂತೆ’ ಎಂಬ ಮೂಡಣ ಗಾಳಿ ಕಡಲ ಆವಿಯನ್ನು ಹೊತ್ತು ತಂದು ಕರಾವಳಿಯ ಹಿಂದಿನ ಬೆಟ್ಟಗಳಿಗೆ ಒತ್ತುತ್ತದೆ. ಬೆಟ್ಟವನ್ನೇರಿದ ಆವಿಗೆ ಮೇಲಿನ ಚಳಿ ತಗಲಿದೊಡನೆ ಮೋಡಗಳು ಗೋಪುರಗಳಂತೆ ಎದ್ದು ನಿಲ್ಲುತ್ತವೆ. ಒಂದು ಮೋಡ ಸುರಿದು ಮುಗಿಯುವಷ್ಟರಲ್ಲಿ ಅದರ ಹಿಂದೆ ಇನ್ನೊಂದು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹೀಗೆ ತಾಸುಗಟ್ಟಲೆ ಒಂದೇ ಬೆಟ್ಟದ ಮೇಲೆ ಸುರಿಯುವುದೇ ಇದರ ಭಯಂಕರತೆ.

ಹವಾಮಾನ ಶಾಸ್ತ್ರಜ್ಞರು ಈ ವಿದ್ಯಮಾನವನ್ನು ‘ಎತ್ತರದಲ್ಲಿ ಬೇರ್ಪಟ್ಟ ವಾಯುಭಾರ ಕುಸಿತ’ ಎಂದು ಕರೆಯುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ದಾನಾ’ ಎಂದಾಗುತ್ತದೆ. ಫ್ರಾನ್ಸಿಸ್ಕೊ ಗಾರ್ಸಿಯ ದಾನಾ ಎಂಬ ಸ್ಪೇನಿನ ಹವಾಮಾನ ತಜ್ಞರ ನೆನಪೂ ಆ ಹೆಸರಿನಲ್ಲಿ ಅಡಗಿದೆ. ಕನ್ನಡದ ಕಿವಿಗೆ ಅದು ‘ದಾನ’ವೆಂದೇ ಕೇಳಿಸುತ್ತದೆ. ಬೇಡದವರ ಮನೆಗೂ ಬಂದು ಬೀಳುವ ದಾನ!

ಮೊದಲ ವರ್ಷದ ಸಿಡಿಲು

ಉತ್ತರದಿಂದ ಬಂದವರಿಗೆ ಮಳೆ ಹೊಸದಲ್ಲ. ಆದರೆ ಅವರು ಕಂಡ ಮಳೆ ಬೇರೆ. ಲಂಡನ್ನಿನ ಮಳೆ ವರ್ಷದ ನೂರಕ್ಕೂ ಮಿಕ್ಕ ದಿನಗಳಲ್ಲಿ ಹಂಚಿಕೊಂಡು, ಕೊಡೆ ಹಿಡಿದವರ ಜೊತೆಯಲ್ಲಿ ಸಂಭಾವಿತನಂತೆ ನಡೆಯುತ್ತದೆ. ಸ್ಪೇನಿನ ಈ ತೀರದ ಶರತ್ಕಾಲದ ಮಳೆಗೆ ಅಂತಹ ಮರ್ಯಾದೆಯಿಲ್ಲ. ಹೊಸದಾಗಿ ನೆಲೆಸಿದವರು ಮೊದಲ ಸಲ ಅದನ್ನು ಕಂಡು ಬೆರಗಾಗುವುದು ಸಹಜ.

ಅದು ಬರುವ ಮುನ್ನ ಗಾಳಿ ಅಂಟಂಟಾಗುತ್ತದೆ. ಕಡಲಿನ ನೀಲಿ ಮಾಸಿ ಸೀಸದ ಬಣ್ಣ ತಾಳುತ್ತದೆ. ರಾತ್ರಿಯ ಹೊತ್ತು ದೂರದ ಸಮುದ್ರದ ಮೇಲೆ ಸದ್ದಿಲ್ಲದೆ ಮಿಂಚುಗಳು ಆಡತೊಡಗುತ್ತವೆ. ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಅದನ್ನು ನೋಡುವುದು ಒಂದು ಮೋಜೆಂದೇ ತೋರುತ್ತದೆ. ಬಳಿಕ ಗುಡುಗು ಕೇಳಿಸುತ್ತದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರವಿದೆಯೆಂದು ತಿಳಿಯುತ್ತದೆ. ಹದಿನೈದು, ಒಂಬತ್ತು, ಮೂರು ಎಂದು ಎಣಿಕೆ ಇಳಿಯುತ್ತ ಬಂದು, ಎಣಿಸುವುದಕ್ಕೆ ಅವಕಾಶವೇ ಇಲ್ಲದಂತೆ ಮನೆಯ ಗಾಜುಗಳು ಅದುರುವಾಗ ಮೋಜು ಮುಗಿಯುತ್ತದೆ. ದೀಪಗಳು ಆರುತ್ತವೆ. ತಾರಸಿಯ ತೂತು ಕಟ್ಟಿಕೊಂಡು ನೀರು ಮೆಟ್ಟಿಲಿನಿಂದ ಇಳಿಯುತ್ತದೆ. ಬಾಗಿಲ ಸಂದಿಯಿಂದ ನುಗ್ಗುತ್ತದೆ. ಸಹಾರಾ ಮರುಭೂಮಿಯ ಧೂಳು ಬಾನಿನಲ್ಲಿದ್ದರೆ ಬೀಳುವುದು ನೀರಲ್ಲ, ತೆಳುವಾದ ಕೆಸರು. ಬಿಳಿಯ ಗೋಡೆಗಳೆಲ್ಲ ಮರುದಿನ ಕಾವಿಯ ಬಣ್ಣದಲ್ಲಿ ನಿಂತಿರುತ್ತವೆ.

ಎರಡು ದಿನಗಳಲ್ಲಿ ಬಾನು ತೊಳೆದಿಟ್ಟ ಗಾಜಿನಂತಾಗುತ್ತದೆ. ಜನ ನೆನೆದ ಜಮಖಾನೆಗಳನ್ನು ಹೊರಗೆ ಹರಡುತ್ತಾರೆ. ಬೇಸಗೆಯಲ್ಲಿ ಕಂದಿಹೋಗಿದ್ದ ಬೆಟ್ಟಗಳಲ್ಲಿ ವಾರದೊಳಗೆ ಹಸುರು ಕಾಣುತ್ತದೆ. ಹೆಚ್ಚಿನ ‘ತಣ್ಣನೆಯ ಹನಿ’ಗಳು ಇಷ್ಟರಲ್ಲಿಯೇ ಮುಗಿಯುತ್ತವೆ, ಬಾವಿ ಕೆರೆಗಳನ್ನು ತುಂಬಿ ಉಪಕಾರವನ್ನೂ ಮಾಡುತ್ತವೆ. ಅಪಾಯವಿರುವುದು ಇಲ್ಲಿಯೇ. ಹತ್ತು ಸಲ ಜಮಖಾನೆಯನ್ನು ಮಾತ್ರ ತೋಯಿಸಿ ಹೋದ ಮಳೆಯನ್ನು ಹನ್ನೊಂದನೆಯ ಸಲ ಯಾರು ಹೆದರಿಯಾರು?

ಒಣಹಳ್ಳದ ಹಕ್ಕು

ಬೆಟ್ಟಕ್ಕೂ ಕಡಲಿಗೂ ನಡುವಣ ಬಯಲನ್ನು ಸೀಳಿಕೊಂಡು ಅಗಲವಾದ ಒಣಹಳ್ಳಗಳು ಇಳಿದುಬರುತ್ತವೆ. ಅವುಗಳಿಗೆ ಅಲ್ಲಿಯವರು ‘ರಾಂಬ್ಲ’ ಎನ್ನುತ್ತಾರೆ. ಮರಳು ಎಂಬರ್ಥದ ಅರಬ್ಬೀ ಮಾತಿನಿಂದ ಹುಟ್ಟಿದ ಹೆಸರು. ವರ್ಷದ ಬಹುದಿನ ಅಲ್ಲಿ ಕಲ್ಲು, ಜೊಂಡು, ಮೇಯುವ ಆಡುಗಳಲ್ಲದೆ ಬೇರೇನೂ ಕಾಣದು. ಮಲೆನಾಡಿನ ಹೊಳೆಗೆ ಮಳೆಗಾಲದ ಅಭ್ಯಾಸವಿದೆ; ಅದರ ದಡದವರಿಗೆ ಹೊಳೆಯ ಅಳತೆ ಗೊತ್ತು. ರಾಂಬ್ಲದಲ್ಲಿ ಹತ್ತು ವರ್ಷ ನೀರು ಕಾಣದವನು ಅದನ್ನು ಬರಿಯ ಜಾಗವೆಂದೇ ಬಗೆಯುತ್ತಾನೆ. ದಂಡೆಯಲ್ಲಿ ಮನೆ ಕಟ್ಟುತ್ತಾನೆ, ಒಳಗೆ ಬಂಡಿ ನಿಲ್ಲಿಸುತ್ತಾನೆ. ಹಳ್ಳ ತನ್ನ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

1962ರ ಸೆಪ್ಟೆಂಬರ್ 25ರ ರಾತ್ರಿ, ಇನ್ನೂ ಉತ್ತರಕ್ಕಿರುವ ಬಾರ್ಸಿಲೋನದ ಸಮೀಪದ ವಾಯೆಸ್ ಸೀಮೆಯಲ್ಲಿ ಇಂತಹ ಹಳ್ಳಗಳು ಉಕ್ಕಿ 600ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ನೂಲಿನ ಗಿರಣಿಗಳ ಕೆಲಸಕ್ಕೆಂದು ದಕ್ಷಿಣದಿಂದ ವಲಸೆ ಬಂದ ಬಡವರು. ಅಗ್ಗವಾಗಿ ದೊರೆತ ಹಳ್ಳದ ದಂಡೆಯಲ್ಲಿ ಅವರು ಮನೆ ಹೂಡಿದ್ದರು. 1982ರ ಅಕ್ಟೋಬರ್ 20ರಂದು ವಾಲೆನ್ಸಿಯದ ಹೂಕರ್ ನದಿಗೆ ಕಟ್ಟಿದ್ದ ತೋಉಸ್ ಅಣೆಕಟ್ಟು ಒಡೆಯಿತು; ಮಳೆಯಿಂದ ವಿದ್ಯುತ್ತು ನಿಂತು ಕಟ್ಟೆಯ ಬಾಗಿಲುಗಳನ್ನು ಎತ್ತಲಾಗದೆ, ನೀರು ಕಟ್ಟೆಯ ಮೇಲಿನಿಂದಲೇ ಹರಿದು ಅದನ್ನು ಕೊರೆದುಹಾಕಿತು. 1987ರ ನವೆಂಬರ್ 3ರಂದು ಒಲೀವ ಎಂಬ ಊರಿನಲ್ಲಿ ಒಂದೇ ದಿನಕ್ಕೆ 817 ಮಿಲಿಮೀಟರು ಮಳೆ ಸುರಿಯಿತು. ನಮ್ಮ ಪಂಚಾಂಗದ ಪ್ರಕಾರ ನೋಡಿದರೆ ಮೊದಲನೆಯದು ಉತ್ತರಾ ಮಳೆ, ಎರಡನೆಯದು ಚಿತ್ತೆ, ಮೂರನೆಯದು ಸ್ವಾತಿ.

ಹೊಳೆಯನ್ನೇ ಸರಿಸಿದ ನಗರ

ಇವೆಲ್ಲಕ್ಕೂ ಮೊದಲು ವಾಲೆನ್ಸಿಯ ನಗರ ಒಂದು ದೊಡ್ಡ ಪಾಠವನ್ನು ಕಲಿತಿತ್ತು. 1957ರ ಅಕ್ಟೋಬರ್ 14ರ ನಸುಕಿನಲ್ಲಿ, ನಗರದ ನಡುವೆ ಹರಿಯುತ್ತಿದ್ದ ತೂರಿಯ ನದಿ ದಡಮೀರಿತು. ನೀರು ಇಳಿಯಿತೆಂದು ಜನ ಉಸಿರುಬಿಡುವಷ್ಟರಲ್ಲಿ ಮಧ್ಯಾಹ್ನ ಎರಡನೆಯ ಪ್ರವಾಹ, ಮೊದಲಿನದಕ್ಕಿಂತಲೂ ದೊಡ್ಡದು, ಬಂದೆರಗಿತು. ಸತ್ತವರು ಅಧಿಕೃತ ಲೆಕ್ಕದಂತೆ 81 ಮಂದಿ. ಬಹುಭಾಗ ಮುಳುಗಿದ ನಗರದಲ್ಲಿ ರೋಮನರ ಕಾಲದ ಪುರಾತನ ದಿಬ್ಬ ಮಾತ್ರ, ಎಂದರೆ ಪ್ರಧಾನ ಇಗರ್ಜಿ ನಿಂತಿರುವ ನೆಲೆ, ನೀರಿನ ಮೇಲೆ ಉಳಿಯಿತು. ಎರಡು ಸಾವಿರ ವರ್ಷಗಳ ಹಿಂದೆ ಊರು ಕಟ್ಟಿದವರಿಗೆ ನದಿಯ ಸ್ವಭಾವ ತಿಳಿದಿತ್ತೆಂದು ತೋರುತ್ತದೆ.

ಆಗ ಆ ನಗರ ಕೈಗೊಂಡ ಕಾರ್ಯ ಅಸಾಧಾರಣವಾದದ್ದು. ನದಿಯನ್ನೇ ಊರಿನ ಹೊರಗೆ, ದಕ್ಷಿಣಕ್ಕೆ ತಿರುಗಿಸಲು ತೀರ್ಮಾನಿಸಿ, ಸುಮಾರು 12 ಕಿಲೋಮೀಟರು ಉದ್ದದ ಹೊಸ ಪಾತ್ರವನ್ನು ತೋಡಿದರು. ಅದರ ಖರ್ಚಿಗೆಂದು ವಾಲೆನ್ಸಿಯದ ಜನ ತಾವು ಬರೆದ ಪ್ರತಿಯೊಂದು ಕಾಗದಕ್ಕೂ ಒಂದು ಹೆಚ್ಚುವರಿ ಚೀಟಿಯನ್ನು ಅಂಟಿಸಿದರು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿಯನ್ನು ಮಾಡುವ ಆಲೋಚನೆಯಿತ್ತು. ನಾಗರಿಕರು ಹಟಹಿಡಿದು ಅದನ್ನು ತಪ್ಪಿಸಿದರು. ಇಂದು ಅಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ಉದ್ಯಾನವಿದೆ. ನೀರಿಲ್ಲದ ಹಳೆಯ ಸೇತುವೆಗಳ ಕಮಾನುಗಳ ಕೆಳಗೆ ಮಕ್ಕಳು ಚೆಂಡಾಡುತ್ತಾರೆ.

ನಗರವೇನೋ ಪಾರಾಯಿತು. ಆದರೆ ಹೊಸ ಪಾತ್ರದ ದಕ್ಷಿಣಕ್ಕೆ ಪೊಯೊ ಎಂಬ ಒಣಹಳ್ಳದ ಅಕ್ಕಪಕ್ಕದಲ್ಲಿದ್ದ ಊರುಗಳು ದಿನದಿನಕ್ಕೆ ಬೆಳೆಯುತ್ತ ಹೋದವು. ಆ ಹಳ್ಳವನ್ನು ತಿರುಗಿಸಿದವರು ಯಾರೂ ಇರಲಿಲ್ಲ.

2024ರ ಅಕ್ಟೋಬರ್ 29

ಆ ದಿನ ಮಂಗಳವಾರ. ಬೆಳಿಗ್ಗೆ ಎಂಟು ಗಂಟೆಗೂ ಮೊದಲೇ ಸ್ಪೇನಿನ ಹವಾಮಾನ ಸಂಸ್ಥೆ ವಾಲೆನ್ಸಿಯದ ಕರಾವಳಿಗೆ ಕೆಂಪು ಎಚ್ಚರಿಕೆಯನ್ನು ಕೊಟ್ಟಿತ್ತು. ವಾಲೆನ್ಸಿಯ ವಿಶ್ವವಿದ್ಯಾನಿಲಯವು ಹಿಂದಿನ ಸಂಜೆಯೇ ತರಗತಿಗಳನ್ನು ರದ್ದುಪಡಿಸಿತ್ತು. ಉಳಿದಂತೆ ಅಂಗಡಿ, ಕಾರ್ಖಾನೆ, ಕಚೇರಿಗಳು ಎಂದಿನಂತೆ ನಡೆದವು.

ಒಳನಾಡಿನ ಬೆಟ್ಟದ ತಪ್ಪಲಿನ ತೂರಿಸ್ ಎಂಬಲ್ಲಿ ಆ ದಿನ ಬಿದ್ದ ಮಳೆ 771 ಮಿಲಿಮೀಟರಿಗೂ ಮಿಕ್ಕದ್ದು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದರ ಮುಕ್ಕಾಲಕ್ಕಿಂತ ಹೆಚ್ಚು. ಅದರಲ್ಲಿ 184 ಮಿಲಿಮೀಟರು ಒಂದೇ ಗಂಟೆಯಲ್ಲಿ ಸುರಿಯಿತು. ಆ ದೇಶದಲ್ಲಿ ಒಂದು ಗಂಟೆಗೆ ಅಷ್ಟು ಮಳೆ ಹಿಂದೆಂದೂ ದಾಖಲಾಗಿರಲಿಲ್ಲ. ಪೊಯೊ ಹಳ್ಳದಲ್ಲಿ ನೀರಿನ ಹರಿವು ಸಂಜೆ ಏಳರ ಹೊತ್ತಿಗೆ ಸೆಕೆಂಡಿಗೆ 2,000 ಘನ ಮೀಟರುಗಳನ್ನು ಮೀರಿತು. ಅನಂತರ ಅಳತೆಯ ಉಪಕರಣವೇ ಕೊಚ್ಚಿಹೋಯಿತು.

ಕೆಳಗಿನ ಪೈಪೋರ್ತ ಊರಿನಲ್ಲಿ ಆಗ ಮಳೆಯೇ ಇರಲಿಲ್ಲವೆಂಬುದು ಈ ದುರಂತದ ಕ್ರೂರ ಭಾಗ. ಜನ ಬೀದಿಯಲ್ಲಿದ್ದರು, ಅಂಗಡಿಗಳು ತೆರೆದಿದ್ದವು. ಹಳ್ಳದಲ್ಲಿ ನೀರು ಬಂದಿತೆಂದು ಕೇಳಿ, ಕೆಲವರು ನೆಲಮಾಳಿಗೆಯಲ್ಲಿದ್ದ ಕಾರನ್ನು ಮೇಲೆ ತರುವುದಕ್ಕೆ ಇಳಿದರು. ಹಿಂದೆ ಸಣ್ಣ ನೆರೆ ಬಂದಾಗಲೆಲ್ಲ ಹಾಗೆ ಮಾಡಿ ಕಾರನ್ನು ಉಳಿಸಿಕೊಂಡ ರೂಢಿಯದು. ಈ ಸಲ ನೀರು ಅವರ ಹಿಂದೆಯೇ ಇಳಿಯಿತು. ನೆಲಮಟ್ಟದ ಮನೆಗಳಲ್ಲಿದ್ದ ವೃದ್ಧರಿಗೆ ಮೆಟ್ಟಿಲೇರುವ ಅವಕಾಶವಾಗಲಿಲ್ಲ. ಎಲ್ಲರ ಕೈಯ ದೂರವಾಣಿಗಳೂ ಒಮ್ಮೆಲೇ ಎಚ್ಚರಿಕೆಯ ಸದ್ದು ಮಾಡಿದಾಗ ರಾತ್ರಿ ಎಂಟು ದಾಟಿ ಹನ್ನೊಂದು ನಿಮಿಷ. ಆ ವೇಳೆಗೆ ಬೀದಿಗಳು ಹೊಳೆಗಳಾಗಿದ್ದವು. ವಾಲೆನ್ಸಿಯ ಪ್ರಾಂತವೊಂದರಲ್ಲಿಯೇ 220ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಒಂದು ಲಕ್ಷಕ್ಕೂ ಮಿಕ್ಕಿದ ವಾಹನಗಳು ಹಾಳಾದವು.

1957ರ ಬಳಿಕ ತೋಡಿದ ಹೊಸ ಪಾತ್ರ ತೂರಿಯ ನದಿಯ ಪ್ರವಾಹವನ್ನು ಹೊತ್ತು ಸಮುದ್ರಕ್ಕೆ ಒಯ್ದಿತು. ನಗರ ಒಣಗಿದಂತೆಯೇ ಉಳಿಯಿತು. ಪಾತ್ರದ ಈಚೆ ದೀಪಗಳು ಉರಿಯುತ್ತಿದ್ದವು. ಆಚೆ ಕತ್ತಲು, ಕೆಸರು, ಕೂಗು. ಕೆಲವು ದಿನಗಳಲ್ಲಿಯೇ ನಗರದ ಯುವಕ ಯುವತಿಯರು ಪೊರಕೆ, ಸಲಿಕೆ, ಕುಡಿಯುವ ನೀರುಗಳನ್ನು ಹೊತ್ತು ಸಾವಿರ ಸಾವಿರ ಸಂಖ್ಯೆಯಲ್ಲಿ ಕಾಲುಸೇತುವೆಯನ್ನು ದಾಟಿ ಆಚೆಗೆ ನಡೆದರು. ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಹಿಂದಿರುಗಿದರು. ಆ ಸೇತುವೆಗೆ ಈಗ ‘ಒಗ್ಗಟ್ಟಿನ ಸೇತುವೆ’ ಎಂಬ ಹೆಸರು.

ಎಚ್ಚರಿಕೆ ಏಕೆ ತಡವಾಯಿತೆಂಬ ಪ್ರಶ್ನೆ ಸುಮ್ಮನಾಗಲಿಲ್ಲ. ನವೆಂಬರ್ 9ರಂದು ಸುಮಾರು 1,30,000 ಜನ ವಾಲೆನ್ಸಿಯದ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ಪ್ರಾದೇಶಿಕ ಸರ್ಕಾರದ ಅಧ್ಯಕ್ಷರು 2025ರ ನವೆಂಬರಿನಲ್ಲಿ ರಾಜೀನಾಮೆಯನ್ನು ಪ್ರಕಟಿಸಿದರು. ವಿಜ್ಞಾನಿಗಳ ಲೆಕ್ಕವೂ ಹೊರಬಂದಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಬಿಸಿಯೇರುತ್ತಿರುವ ಭೂಮಿಯಲ್ಲಿ ಇಂತಹ ಮಳೆ ಮೊದಲಿಗಿಂತ ಸುಮಾರು ನೂರಕ್ಕೆ ಹನ್ನೆರಡರಷ್ಟು ಜೋರಾಗಿದೆಯೆಂದೂ, ಅದು ಬರುವ ಸಂಭವ ಇಮ್ಮಡಿಯಾಗಿದೆಯೆಂದೂ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಶೀಘ್ರ ಪರಿಶೀಲನೆಯಿಂದ ಅಂದಾಜು ಮಾಡಿತು.

ಗೋಡೆಯ ಮೇಲಿನ ಗುರುತು

ವಾಲೆನ್ಸಿಯದ ಹಳೆಯ ಬೀದಿಗಳಲ್ಲಿ ನಡೆಯುವವರು ಕೆಲವು ಗೋಡೆಗಳ ಮೇಲೆ, ಆಳಿನ ತಲೆಗಿಂತ ಎತ್ತರದಲ್ಲಿಯೂ, ಚಿಕ್ಕ ಹಂಚಿನ ಫಲಕಗಳನ್ನು ಕಾಣಬಹುದು. 1957ರ ಅಕ್ಟೋಬರ್ 14ರಂದು ನೀರು ಇಲ್ಲಿಯವರೆಗೆ ಬಂದಿತ್ತೆಂಬುದೇ ಅವುಗಳ ಒಕ್ಕಣೆ. ಬಿಸಿಲಿಗೆ ಮರುಳಾಗಿ ಬಂದ ಪ್ರವಾಸಿ ಅದನ್ನು ಓದದೆ ಮುಂದೆ ಹೋಗುತ್ತಾನೆ. ಓದಿದರೂ ಹಳೆಯ ಕಾಲದ ಸುದ್ದಿಯೆಂದುಕೊಳ್ಳುತ್ತಾನೆ.

ಆದರೆ ಆ ತೀರದಲ್ಲಿ ನೆಲೆಸಬಯಸುವವರು ಮೊದಲು ಓದಬೇಕಾದದ್ದು ಅದನ್ನೇ. ಅಲ್ಲಿಯ ಅನುಭವಸ್ಥರ ನಿಯಮಗಳು ಬಹಳವಿಲ್ಲ: ಸೆಪ್ಟೆಂಬರ್ ಕಾಲಿಡುವ ಮುನ್ನ ತಾರಸಿಯ ತೂತನ್ನು ಚೊಕ್ಕಟಮಾಡಬೇಕು, ಕೆಂಪು ಎಚ್ಚರಿಕೆಯ ದಿನ ಬಾನು ನೀಲಿಯಾಗಿದ್ದರೂ ಮನೆಯಲ್ಲಿರಬೇಕು, ನೀರು ಬಂದಾಗ ಮೇಲಕ್ಕೆ ಹೋಗಬೇಕಲ್ಲದೆ ಕಾರಿಗಾಗಿ ಕೆಳಕ್ಕೆ ಇಳಿಯಬಾರದು, ಹರಿಯುವ ನೀರನ್ನು, ಅದು ಮೊಣಕಾಲಿಗಿಂತ ಕಡಿಮೆಯಿದ್ದರೂ, ದಾಟಬಾರದು. ಮನೆಯನ್ನು ಕೊಳ್ಳುವ ಮುನ್ನ ವರ್ಷಕ್ಕೆ ಎಷ್ಟು ದಿನ ಬಿಸಿಲೆಂದು ಕೇಳಿದರೆ ಸಾಲದು; ಪಕ್ಕದ ಒಣಹಳ್ಳದ ಹೆಸರೇನು, ಕಳೆದ ಸಲ ಅದರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನೆರೆಮನೆಯ ಮುದುಕಿಯನ್ನು ವಿಚಾರಿಸಬೇಕು.

ಬಿಸಿಲನ್ನೂ ಸಿಡಿಲನ್ನೂ ಕೊಡುವುದು ಅಲ್ಲಿ ಒಂದೇ ಸಮುದ್ರ. ಬೇಸಗೆಯ ನಾಲ್ಕು ತಿಂಗಳು ಅದು ಕೂಡಿಟ್ಟ ಶಾಖವನ್ನು ಶರತ್ಕಾಲದಲ್ಲಿ ಯಾವುದಾದರೊಂದು ಸಂಜೆ ಹಿಂದಕ್ಕೆ ಕೊಟ್ಟೇ ಕೊಡುತ್ತದೆ. ಯಾವ ವರ್ಷ, ಯಾವ ಹಳ್ಳದಲ್ಲಿ ಎಂಬುದನ್ನು ಹವಾಮಾನ ಸಂಸ್ಥೆ ಕೆಲವು ದಿನ, ಕೆಲವು ವೇಳೆ ಕೆಲವು ಗಂಟೆ ಮಾತ್ರ ಮೊದಲು ಹೇಳಬಲ್ಲದು. ಆ ಕೆಲವು ಗಂಟೆಗಳು ಪ್ರತಿಯೊಂದು ಮನೆಯನ್ನೂ ವೇಳೆಗೆ ಸರಿಯಾಗಿ ಮುಟ್ಟಿದರೆ ಎಷ್ಟೋ ಪ್ರಾಣಗಳು ಉಳಿಯುತ್ತವೆ. ಪೈಪೋರ್ತದ ಜನ ಇಂದಿಗೂ ಕೇಳುತ್ತಿರುವುದು ಅದನ್ನೇ.